ಹೆಗಲಿನ ಪುಟ್ಟ ಕೀಲಿ

ಬಾಣಂತಿಯ ಮಡಿಲಲ್ಲಿದ್ದ ಕೂಸಿನ ಎಡಗೈ ಅಲ್ಲಾಡದಂತೆ ಅಂಗಿಯ ತೋಳನ್ನು ಅಂಗಿಗೇ ಸೇರಿಸಿ ನರ್ಸು ಪಿನ್ನು ಹಾಕಿದಳು. ನಿನ್ನೆ ಹೆರಿಗೆಯಲ್ಲಿ ಕೂಸಿನ ಭುಜ ಸಿಕ್ಕಿಕೊಂಡಾಗ ಎಳೆದದ್ದು ಅವಳದೇ ಕೈ. ಹೆಗಲಿನ ಮೂಳೆ ಮುರಿದದ್ದೂ ಆಗಲೇ.

“ತಪ್ಪಾಯ್ತಮ್ಮ,” ಎಂದಳು, ತಲೆಯೆತ್ತದೆ.

ಬಾಣಂತಿ, ಪಕ್ಕದಲ್ಲಿ ನಿಂತಿದ್ದ ಡಾಕ್ಟರು ಬರೆದುಕೊಟ್ಟ ಚೀಟಿ ಓದುತ್ತಿದ್ದಳು. “ಡಾಕ್ಟ್ರೇ, ಕ್ಲಾವಿಕಲ್ ಅಂದ್ರೆ?”

“ಅದೇ, ಮುರಿದಿರೋ ಹೆಗಲಿನ ಮೂಳೆ. ಲ್ಯಾಟಿನ್ನಲ್ಲಿ ಪುಟ್ಟ ಕೀಲಿ ಅಂತ ಅರ್ಥ. ಎರಡು ಮೂರು ವಾರದಲ್ಲಿ ತಾನಾಗೇ ಕೂಡಿಕೊಳ್ಳುತ್ತೆ.”

ಬಾಣಂತಿಗೆ ನಗು ಬಂತು. ಅವಳದು ಕೀಲಿ ಮಾಡುವ ಅಂಗಡಿ. ನರ್ಸಿನ ಕಡೆ ತಿರುಗಿದಳು. “ಬೀಗ ಬಿಗಿಯಾಗಿದ್ರೆ ಕೀಲಿ ಮುರಿಯೋದನ್ನ ದಿನಾ ನೋಡ್ತೀನಿ ಅಕ್ಕಾ. ತಿರುಗಿಸಿದ ಕೈನ ಯಾರಾದ್ರೂ ಬೈತಾರಾ? ಬಾಗಿಲು ತೆರೀತಲ್ಲ!”

ಕೂಸನ್ನು ನರ್ಸಿನತ್ತ ಚಾಚಿದಳು. “ಎತ್ಕೊಳ್ಳಿ. ನಾನು ನೋಡೋಕೂ ಮುಂಚೆ ಇವಳು ಬಂದದ್ದು ನಿಮ್ಮ ಕೈಗೇ.”