ಹಲಗೆಗೊಂದು ಪಾತ್ರ

ಯಾರೇ ಬಾಯಿ ತೆರೆಯುವ ಮೊದಲೇ ಅವರ ಮಾತು ಅಲ್ಲಲ್ಲಿ ಎತ್ತರದಲ್ಲಿ ತೂಗುಹಾಕಿದ ಹಲಗೆಗಳಲ್ಲಿ ಮೂಡುವುದು ಊರಿಗೆ ರೂಢಿಯಾಗಿತ್ತು. ತರಕಾರಿ ಚೌಕಾಸಿಯೂ ಹಲಗೆ ನೋಡಿಯೇ ಮುಗಿಯುತ್ತಿತ್ತು. ಆದರೂ ಮಂದಾಕಿನಿ, ಈರಣ್ಣ ಇಬ್ಬರೂ ಪ್ರತಿ ಭಾನುವಾರ ಬರೆದಿಡದ ನಾಟಕ ಆಡುತ್ತಿದ್ದರು. ಪ್ರೇಕ್ಷಕರಿಂದ ಒಂದು ಪದ ಕೇಳಿ, ಅದರಿಂದಲೇ ದೃಶ್ಯ ಕಟ್ಟುವುದು ಅವರ ಪದ್ಧತಿ.

ಇಂದು ಯಾರೋ ‘ಅಡುಗೆಮನೆ’ ಎಂದರು.

“ಸಾರಿಗೆ ಉಪ್ಪು ಹಾಕಿದ್ಯಾ?” ಎಂದ ಗಂಡನ ಪಾತ್ರದ ಈರಣ್ಣ.

‘ಮರೆತೇ ಹೋಯ್ತು ಕಣ್ರೀ’ ಎಂದು ರಂಗದ ಹಲಗೆ ಮಂದಾಕಿನಿಗಿಂತ ಮೊದಲೇ ತೋರಿಸಿತು. ಜನ ಓದಿ, ನಕ್ಕು, ಮನೆಗೆ ಹೊರಡಲು ಎದ್ದು ಚಪ್ಪಲಿ ಹುಡುಕತೊಡಗಿದರು.

ಮಂದಾಕಿನಿಗೆ ರೇಗಿತು. ಜೊತೆಗಾರ ಏನೇ ಕೊಟ್ಟರೂ ಬೇಡವೆನ್ನದೆ, ಅದನ್ನೇ ಹಿಡಿದು ಮುಂದೆ ಹೋಗಬೇಕು ಎಂಬುದು ಈ ಆಟದ ನಿಯಮ. ಹಲಗೆಯೂ ಮಾತು ಕೊಡುತ್ತಿದೆಯಲ್ಲ. ಹಾಗಾದರೆ ಅದೂ ಜೊತೆಗಾರನೇ.

ಅವಳು ಸೆರಗು ಸಿಕ್ಕಿಸಿಕೊಂಡು ಹಲಗೆಯತ್ತ ತಿರುಗಿದಳು. ಅದರೊಡನೆ ಇದುವರೆಗೆ ಯಾರೂ ಮಾತಾಡಿರಲಿಲ್ಲ. ಅಕ್ಷರಗಳು ಅಳಿಸಿಹೋದವು.

“ಅತ್ತೆ, ಇವರು ಕೇಳಿದ್ದು ನನ್ನನ್ನ, ಉತ್ತರ ಕೊಟ್ಟಿದ್ದು ನೀವು. ಅಂದ್ರೆ ಉಪ್ಪು ಮರೆತದ್ದೂ ನೀವೇ.”

ಅವಳ ಈ ಮಾತು ಮೊದಲೇ ಮೂಡಿರಲಿಲ್ಲ; ಹಲಗೆ ಖಾಲಿಯಾಗಿಯೇ ಇತ್ತು. ಜನ ಮೆಲ್ಲಗೆ ಮತ್ತೆ ಕುಳಿತರು.

“ಹೇಳಮ್ಮ,” ಎಂದ ಈರಣ್ಣ, ಹಲಗೆಗೆ.

“ಗಾಬರಿ ಆಗ್ಬೇಡಿ ಅತ್ತೆ,” ಎಂದಳು ಮಂದಾಕಿನಿ. “ಬಾಯಿಗೆ ಬಂದದ್ದು ಹೇಳಿ. ನಮಗೂ ಮೊದಲೇ ಏನೂ ಗೊತ್ತಿರಲ್ಲ.”