ಊರೂರಿನ ಮದುಮಗ

ತಪಾಸಣಾಧಿಕಾರಿ ಮುಂಬದಿಯನ್ನು ನೋಡಲೇ ಇಲ್ಲ. ಸೀದಾ ಟ್ರಾನ್ಸ್‌ಫಾರ್ಮರಿನ ಹಿಂದಕ್ಕೆ ಹೋಗಿ, ಬಗ್ಗಿ, ತಳದ ಮೂಲೆಯ ಮೇಲೆ ಬೆರಳಾಡಿಸಿದರು. ಅಲ್ಲೊಂದು ನೆಗ್ಗು ಇತ್ತು. ಎರಡು ಸಲ ಬೂದು ಬಣ್ಣ ಬಳಿದರೂ ಮುಚ್ಚಿರಲಿಲ್ಲ.

ಕಿರಿಯ ಎಂಜಿನಿಯರ್ ಒಂದು ಹೆಜ್ಜೆ ಹಿಂದೆ ಸರಿದ.

“ಚೆನ್ನಾಗಿ ನೋಡ್ಕೊಂಡಿದ್ದೀರಿ,” ಎಂದರು ಅಧಿಕಾರಿ, ಕೈ ಒರೆಸಿಕೊಳ್ಳುತ್ತ.

“ಹೊಸದಲ್ವಾ ಸಾರ್, ಹೋದ ತಿಂಗಳಷ್ಟೇ ಬಂದಿದ್ದು,” ಎಂದು ವಿದ್ಯುತ್ ಕಂಪನಿಯ ದೊಡ್ಡ ಸಾಹೇಬರು ಹಲ್ಲುಕಿರಿದರು.

ಹೊಸದಂತೆ! ಊರಿಗೊಂದು ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದೇವೆ ಎಂದು ಸರ್ಕಾರಿ ವಿದ್ಯುತ್ ಕಂಪನಿ ಡಂಗುರ ಸಾರಿತ್ತು. ಊರುಗಳು ಮಾತ್ರ ಕತ್ತಲಲ್ಲೇ ಇದ್ದವು. ಜನ ಬೀದಿಗಿಳಿದರು. ಕಂಪನಿಯವರನ್ನೇ ತಪಾಸಣೆಗೆ ಕಳಿಸಿದರೆ ಕಳ್ಳನ ಕೈಗೆ ಕೀಲಿಕೈ ಕೊಟ್ಟಂತೆ ಎಂದು ಕೂಗಿದರು. ಆಮೇಲೆ ಸರ್ಕಾರ ರಾಜಧಾನಿಯಿಂದ ಈ ನಿವೃತ್ತ ಅಧಿಕಾರಿಯನ್ನು ಕಳಿಸಿತು. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಕೆಲಸದವರು ಅವರಿಗೆ ಅದೇ ಹೆಸರಿಟ್ಟರು.

ಭೂತಗನ್ನಡಿಗೆ ತೋರಿಸಲು ಕಂಪನಿಯ ಹತ್ತಿರ ಇದ್ದದ್ದು ಒಂದೇ ಒಂದು ಟ್ರಾನ್ಸ್‌ಫಾರ್ಮರ್. ಅವರು ಬರುವ ಮೊದಲೇ ಅದು ಲಾರಿಯೇರಿ ಆ ಊರಿಗೆ ಹೋಗುತ್ತಿತ್ತು. ಕಟ್ಟೆಯ ಮೇಲೆ ಕೂರಿಸಿ, ತಂತಿ ಜೋಡಿಸಿ, ಆ ಊರಿನ ನಂಬರ್ ತಗಡು ತಿರುಪುವುದು ಕಿರಿಯ ಎಂಜಿನಿಯರನ ಕೆಲಸ. ಅಧಿಕಾರಿಯ ಕಾರು ತಿರುವು ದಾಟಿದ್ದೇ ತಡ, ಮತ್ತೆ ಕಿತ್ತು ಮುಂದಿನ ಊರಿಗೆ. ಕೆಲಸದವರು ಅದನ್ನು ‘ಮದುಮಗ’ ಎನ್ನುತ್ತಿದ್ದರು. ಊರೂರಲ್ಲೂ ಸಿಂಗಾರ ಮಾಡಿಕೊಂಡು ನಿಲ್ಲುತ್ತಾನೆ, ಎಲ್ಲೂ ಸಂಸಾರ ಹೂಡುವುದಿಲ್ಲ.

ಈ ತಮಾಷೆಗೆ ಎಲ್ಲರ ಜೊತೆ ಅವನೂ ನಕ್ಕಿದ್ದ. ಮುಂದಿನ ಊರು ಯಾವುದೆಂದು ತಿಳಿದ ಮೇಲೆ ನಗು ಬರಲಿಲ್ಲ. ಅದು ಅವನದೇ ಊರು. ಕಟ್ಟೆ ಇದ್ದದ್ದು ಹೆರಿಗೆ ಆಸ್ಪತ್ರೆಯ ಅಂಗಳದಲ್ಲಿ. ಒಳಗಿನ ಮಂಚದ ಮೇಲೆ ಅವನ ಹೆಂಡತಿ, ತುಂಬು ಬಸುರಿ.

“ಮಗು ಅಡ್ಡ ತಿರುಗಿದೆ,” ಎಂದಿದ್ದರು ಡಾಕ್ಟರಮ್ಮ. “ನಾಳೆ ಬೆಳಿಗ್ಗೆ ಆಪರೇಷನ್ ಮಾಡ್ಲೇಬೇಕು. ಬೇರೆ ಊರಿಗೆ ಕರ್ಕೊಂಡು ಹೋಗೋ ಸ್ಥಿತೀಲಿ ಅವರಿಲ್ಲ. ನಮ್ಮ ಜನರೇಟರ್ ಕೆಟ್ಟು ಮೂಲೆ ಸೇರಿದೆ. ನಿಮ್ಮ ಕಂಪನಿ ಕರೆಂಟ್ ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ.”

ಅವನು ದೊಡ್ಡ ಸಾಹೇಬರ ಮುಂದೆ ಕೈಮುಗಿದು ನಿಂತ. “ಇದೊಂದು ಊರಲ್ಲಿ ಬಿಟ್ಬಿಡೋಣ ಸಾರ್.”

“ಮುಂದಿನ ಊರಲ್ಲಿ ಅವರಿಗೆ ಏನು ತೋರಿಸ್ಲಿ, ನಿನ್ನ ಮುಖಾನಾ?” ಸಾಹೇಬರು ದನಿ ತಗ್ಗಿಸಿದರು. “ಎಲ್ಲಾ ಕಡೆ ಕೂರಿಸಿದ್ದೀನಿ ಅಂತ ಸಹಿ ಹಾಕಿರೋನು ಯಾರಪ್ಪಾ? ನೀನು. ಮುಳುಗಿದ್ರೆ ಮೊದಲು ಮುಳುಗೋನೂ ನೀನೇ.”

ಬಿಸಿ ತುಪ್ಪ ಬಾಯಲ್ಲಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಅದೇ ದಿನ ಆಸ್ಪತ್ರೆಯ ಅಂಗಳದಲ್ಲಿ ಮದುಮಗನನ್ನು ಕೂರಿಸಿದ ಮೇಲೆ ಅವನು ತಗಡು ಬದಲಾಯಿಸಲಿಲ್ಲ. ಹಿಂದಿನ ಊರಿನದ್ದು ಹಾಗೇ ಇರಲಿ ಎಂದು ಬಿಟ್ಟ. ಈ ಊರಿನದ್ದು ಜೇಬಿನಲ್ಲೇ ಉಳಿಯಿತು. ಭೂತಗನ್ನಡಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಬಿದ್ದರೆ ಟ್ರಾನ್ಸ್‌ಫಾರ್ಮರಿಗೆ ಸೀಲ್ ಹಾಕುತ್ತಾರೆ. ಕರೆಂಟು ನಿಲ್ಲುವುದಿಲ್ಲ, ಆದರೆ ಸೀಲ್ ಬಿದ್ದದ್ದನ್ನು ವಿಚಾರಣೆ ಮುಗಿಯುವವರೆಗೆ ಯಾರೂ ಕದಲಿಸುವಂತಿಲ್ಲ. ವಿಚಾರಣೆ ಮುಗಿಯುವುದರೊಳಗೆ ಮಗು ಹುಟ್ಟಿ, ಬೆಳೆದು, ಶಾಲೆಗೆ ಹೋಗುತ್ತಿರುತ್ತದೆ. ಕೆಲಸ ಹೋದರೆ ಹೋಗಲಿ, ಜೈಲಾದರೆ ಆಗಲಿ.

ಮಧ್ಯಾಹ್ನ ಅಧಿಕಾರಿಯ ಕಾರು ಬಂತು. ವಾರ್ಡಿನಲ್ಲಿ ಫ್ಯಾನು ತಿರುಗುತ್ತಿತ್ತು. ಹೆಂಡತಿ ಕಿಟಕಿಯಿಂದ ಕೈ ಎತ್ತಿದಳು. ಆ ಫ್ಯಾನಿಗೆ ಸಂಜೆಯವರೆಗಷ್ಟೇ ಆಯುಸ್ಸೆಂದು ಅವಳಿಗೆ ಗೊತ್ತಿರಲಿಲ್ಲ. ಅವನೂ ಕೈ ಎತ್ತಿದ.

ಅಧಿಕಾರಿ ಎಂದಿನಂತೆ ಹಿಂದಕ್ಕೆ ಹೋದರು. ನೆಗ್ಗು ಸವರಿದರು. ಆಮೇಲೆ ಮುಂದೆ ಬಂದು ತಗಡಿಗೆ ಭೂತಗನ್ನಡಿ ಹಿಡಿದರು. ಹಿಡಿದೇ ಇದ್ದರು.

“ನೀವೆಲ್ಲ ಗೇಟಿನ ಹತ್ರ ಇರಿ,” ಎಂದರು ಕೊನೆಗೆ. “ಇವನೊಬ್ಬ ಇರ್ಲಿ.”

ದೊಡ್ಡ ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಹಿಂದೆ ಹಿಂದೆ ನೋಡುತ್ತಲೇ ಗೇಟಿನತ್ತ ಹೋದರು.

“ಇದು ಹಿಂದಿನ ಊರಿನ ತಗಡು. ಮರೆತ್ಯಾ?”

“ಇಲ್ಲ ಸಾರ್. ಬೇಕಂತಲೇ ಬಿಟ್ಟೆ.” ಕಟ್ಟೆಯೊಡೆದಂತೆ ಎಲ್ಲವನ್ನೂ ಹೇಳಿಬಿಟ್ಟ: ಲಾರಿ, ಬಣ್ಣ, ಸುಳ್ಳು ಸಹಿ, ಅಡ್ಡ ತಿರುಗಿದ ಮಗು. “ಸೀಲ್ ಹಾಕಿ ಸಾರ್. ನನ್ನನ್ನೂ ಹಿಡಿಸಿ ಕೊಡಿ, ಪರವಾಗಿಲ್ಲ. ಇದು ಮಾತ್ರ ಇಲ್ಲೇ ಇರ್ಬೇಕು.”

ಅಧಿಕಾರಿ ಕಿಟಕಿಯತ್ತ ಒಮ್ಮೆ ನೋಡಿದರು. ಅವರ ಮುಖ ಮೆದುವಾಯಿತು.

“ಈ ಊರಿನ ತಗಡು ಎಲ್ಲಿ?”

ಸಾಕ್ಷಿಗೆ ಬೇಕಿರಬೇಕು ಎಂದುಕೊಂಡು ಜೇಬಿನಿಂದ ತೆಗೆದು ಕೊಟ್ಟ. ಸ್ಕ್ರೂಡ್ರೈವರ್ ಕೇಳಿದರು. ಅದನ್ನೂ ಕೊಟ್ಟ. ಎಷ್ಟೋ ದಿನಗಳ ಮೇಲೆ ಅವನ ಉಸಿರು ಸಲೀಸಾಯಿತು.

ಅಧಿಕಾರಿ ಮಂಡಿಯೂರಿ ಕುಳಿತರು. ಹಳೆಯ ತಗಡು ಬಿಚ್ಚಿದರು. ಈ ಊರಿನದ್ದನ್ನು ಅದರ ಜಾಗದಲ್ಲಿಟ್ಟು ತಿರುಪಿದರು. ತೂತುಗಳು ಎಲ್ಲಿವೆ ಎಂದು ಅವರ ಕೈ ಹುಡುಕಲೇ ಇಲ್ಲ. ಬಿಚ್ಚಿದ ತಗಡನ್ನು ಅವನ ಜೇಬಿಗೆ ಹಾಕಿ, ಬೆನ್ನು ತಟ್ಟಿ, ಮೆಲ್ಲಗೆ ಹೇಳಿದರು:

“ಸಂಜೆ ಲಾರಿಗೆ ಏರಿಸೋವಾಗ ಹಗ್ಗ ಬೇಡ, ಸರಪಳಿ ಹಾಕ್ಸು, ನಿನ್ನ ಕುರ್ಚೀಲಿ ನಾನಿದ್ದಾಗ ಇದಕ್ಕೆ ಹಸಿರು ಬಣ್ಣ ಬಳಿದು ಊರೂರು ಸುತ್ತಿಸ್ತಿದ್ದೆ, ಆ ನೆಗ್ಗು ಬಿದ್ದಿದ್ದು ಹಗ್ಗ ಹರಿದೇ.”