ದೋಣಿಯ ತಳಕ್ಕೆ ನಾಲ್ಕು ಪೆಟ್ಟು

ಧಡ್ ಎಂಬ ಸದ್ದಿಗೆ ಸೂರಜ ಚಹಾದ ಕಪ್ಪು ಬಿಟ್ಟು ಹಿತ್ತಲಿಗೆ ಓಡಿದ. ಅವನ ಹೊಸ ಪ್ಲಾಸ್ಟಿಕ್ ದೋಣಿಯ ಪಕ್ಕದಲ್ಲಿ ತಾಯಿ ಉದ್ದವ್ವ ನಿಂತಿದ್ದಳು. ಒನಕೆ ಎತ್ತಿ ದೋಣಿಯ ತಳಕ್ಕೆ ಕುಟ್ಟುತ್ತಿದ್ದಳು.

"ಯವ್ವಾ, ಏನ್ ಮಾಡಾಕತ್ತಿ? ಒಡೀತೈತಿ!"

"ಒಡದ್ರ ಇಲ್ಲೇ ಒಡೀಲಿ."

ನೀರಿನ ಟಾಕಿ ಮಾಡುವ ಕಾರ್ಖಾನೆಯಲ್ಲಿ ಕಲಿತದ್ದನ್ನೆಲ್ಲ ಸೂರಜ ಈ ದೋಣಿಗೆ ಸುರಿದಿದ್ದ. ತಮ್ಮೂರು ದಡ್ಡಿಯಿಂದ ಹೊಳೆಯ ಆಚೆ ದಂಡೆಗೆ ಜನರನ್ನು ದಾಟಿಸುತ್ತ ಊರಲ್ಲೇ ಇರಬೇಕೆಂಬುದು ಅವನ ಆಸೆ. ಆದರೆ ಉದ್ದವ್ವ ಹೂಂ ಅನ್ನದೆ ದೋಣಿ ನೀರಿಗೆ ಇಳಿಯುವಂತಿರಲಿಲ್ಲ. ಆ ಮನೆಯಲ್ಲಿ ಅವಳ ಮಾತೇ ಮಾತು. ಅವಳೋ, ಹೊಳೆಯ ಮಾತು ತೆಗೆದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದಳು.

ಸೂರಜ ತನ್ನ ಪರೀಕ್ಷೆ ಮುಗಿಸಿದ್ದ. ಭಾರ ಕಡಿಮೆಯಾಗಲೆಂದು ಕೂರುವ ಹಲಗೆ ಬಿಟ್ಟು, ಎಲ್ಲರೂ ತಳದಲ್ಲೇ ಕೂರುವಂತೆ ದೋಣಿ ಮಾಡಿದ್ದ. ಅದನ್ನು ಎರಡು ದಿಮ್ಮಿಗಳ ಮೇಲಿಟ್ಟು, ಐದು ಜನರ ತೂಕಕ್ಕೆ ಮರಳಿನ ಚೀಲ ಹೇರಿ, ತಳ ಎಷ್ಟು ಬಾಗಿತೆಂದು ದಾರ ಕಟ್ಟಿ ನೋಡಿದ್ದ. ಬೆರಳಷ್ಟೂ ಬಾಗಿರಲಿಲ್ಲ. ಇನ್ನೇನು ಬೇಕು?

ಉದ್ದವ್ವನಿಗೆ ಬೇಕಿತ್ತು. ತಳದ ನಟ್ಟನಡುವೆಯೇ ಹಿಂದೆ ಎರಡು, ಮುಂದೆ ಎರಡು, ಹೀಗೆ ನಾಲ್ಕು ಕಡೆ ಗುರುತು ಹಾಕಿಕೊಂಡವಳಂತೆ ಅಲ್ಲಲ್ಲೇ ಕುಟ್ಟಿದಳು. ನಾಲ್ಕನೆಯ ಪೆಟ್ಟಿಗೆ ತಳ ಚಟ್ಟೆಂದು ಸೀಳಿತು.

"ನೋಡಿದ್ಯಾ?" ಎಂದಳು, ಗೆದ್ದವಳ ಹಾಗೆ.

ಸೂರಜನಿಗೆ ಸಿಟ್ಟು ಬಂತು, ಅಳುವೂ ಬಂತು. ಹೆಂಡತಿ ಆಮ್ರಪಾಲಿಯ ಮುಂದೆ ಗೋಳು ತೋಡಿಕೊಂಡ. "ಅವ್ವಗ ನನ್ನ ದೋಣಿ ಕಂಡ್ರ ಆಗಂಗಿಲ್ಲ. ದೋಣಿಯಾಗ ಯಾರರ ಒನಕಿ ಕುಟ್ತಾರೇನು?"

ಆಮ್ರಪಾಲಿ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. "ಅತ್ತಿ ಹೇಳಿದಂಗ ಮಾಡ್ರಿ, ಸುಮ್ನ."

ಹಠಕ್ಕೆ ಬಿದ್ದ ಸೂರಜ ಸೀಳನ್ನು ಬೆಸೆದು, ತಳಕ್ಕೆ ಅಡ್ಡಪಟ್ಟಿಗಳನ್ನು ಕೂಡಿಸಿದ. ಚೀಲದ ಭಾರ ಇಡೀ ತಳಕ್ಕೆ ಹರಡುತ್ತದೆ, ಒನಕೆಯದು ಒಂದೇ ಕಡೆ ಇಳಿಯುತ್ತದೆ ಎಂಬುದು ಅವನಿಗೂ ಹೊಳೆದಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಉದ್ದವ್ವ ಮತ್ತೆ ಅವೇ ನಾಲ್ಕು ಜಾಗಗಳಲ್ಲಿ ಕುಟ್ಟಿದಳು. ಈ ಸಲ ಒನಕೆ ಪುಟಿಯಿತು, ತಳ ಜಗ್ಗಲಿಲ್ಲ.

"ಇನ್ನರ ಹೂಂ ಅಂತೀಯೇನು?"

"ನಾಳಿ ಹೊಳಿ ದಂಡಿಗೆ ಒಯ್ಯಿ. ಅಲ್ಲೇ ಹೇಳ್ತೀನಿ."

ಮರುದಿನ ದಂಡೆಯಲ್ಲಿ ಅರ್ಧ ಊರು ಸೇರಿತ್ತು. ಇಷ್ಟು ಜನರ ಮುಂದೆ ಅವ್ವ ಬೇಡ ಅಂದುಬಿಟ್ಟರೆ? ಸೂರಜ ಮನೆಯ ದಾರಿಯನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಟ್ರಂಕಿನಲ್ಲಿದ್ದ ಹೊಸ ಸೀರೆ ಉಟ್ಟು ಉದ್ದವ್ವ ಬಂದಳು, ಸೊಸೆಯ ಕೈ ಹಿಡಿದು ನಿಧಾನಕ್ಕೆ. ಆಮ್ರಪಾಲಿ ತಲೆಯ ಮೇಲೆ ಏನನ್ನೋ ಕವುಚಿ ಹೊತ್ತಿದ್ದಳು.

"ಆಚಿ ದಂಡಿ ತವರಮನಿ ನೋಡಿ ಭಾಳ ವರ್ಷ ಆತು, ಆದ್ರ ಕೆಳಗ ಕುಂದ್ರಾಕ ಮೊಣಕಾಲು ಒಲ್ಲೆ ಅಂತಾವು," ಎಂದ ಉದ್ದವ್ವ ಸೊಸೆಯ ತಲೆಯ ಮೇಲಿನ ಕುರ್ಚಿಯನ್ನು ಇಳಿಸಿಕೊಂಡು, ಅದರ ನಾಲ್ಕು ಕಾಲುಗಳನ್ನು ತಾನು ಕುಟ್ಟಿದ ಜಾಗಗಳಲ್ಲೇ ಊರಿ ಕುಳಿತು, "ನಡಿ, ದಾಟ್ಸು," ಎಂದಳು.